ಪಿ ಅನ್ನೋ ಅಗಳಿ

ನಮ್ಮ ಧಾರವಾಡದಾಗ ಸಪಾಟ ಜಾಗಾ ಹುಡುಕಿ ಗಾಡಿ ನಿಲ್ಲಸ್ತೀನಿ ಅಂದ್ರ ಸಂಜಿತನಾ ಹುಡುಕಬೇಕಾಗ್ತದ. ಒಂದೋ ಏರು, ಇಲ್ಲಾ ಇಳುಕಲು. ಈಗ ನಮ್ಮ ಓಣ್ಯಾಗ ನಾಲ್ಕೈದು ಮಂದಿ ಹೆಣ್ಣಮಕ್ಕಳು ಆಟೋಮ್ಯಾಟಿಕ್ ಕಾರ್ ಹೊಡಿಲಿಕತ್ತೇವಿ. ಹಿಂಗಾಗಿ “ವೈನಿ, ಗಿಯರ್ ಪಿ ಒಳಗ ಸಿಕ್ಕೊಂಡದ, ಏನ್ ಮಾಡಿದ್ರೂ ಬರವಲ್ತು” ಅಂತ ಫೋನ್ ಬರತಾವ. ಒಬ್ಬೊಬ್ಬರಿಗೆ ಹೇಳೋದಕಿಂತ ಒಮ್ಮೆ ಬರದ ಬಿಡ್ತೀನಿ.

ಪಿ ಅಂದ್ರ ಪಾರ್ಕ್. ಗಿಯರ್ ಬಾಕ್ಸಿನೊಳಗ ಒಂದು ಹಲ್ಲಿನ ಚಕ್ರ ಇರ್ತದ. ಪಿಗೆ ಹಾಕಿದ ಕೂಡಲೆ ಬಟ್ಟಿನಂಥಾ ಒಂದು ಕೊಂಡಿ ಆ ಹಲ್ಲಿನ ಸಂದ್ಯಾಗ ಕೂಡ್ತದ. ನಮ್ಮ ಹಳೇ ಮನಿ ಬಾಗಲದ ಅಗಳಿ ಇದ್ಧಂಗ. ಬಾಗಲಾ ಹೊರಗಿಂದ ಯಾರರೆ ದೂಕಲಿಕತ್ತಿದ್ರ ಅಗಳಿ ಸರಿಯಂಗಿಲ್ಲ ನೋಡ್ರಿ, ಇಳುಕಲಿನಾಗ ಆಗೋದೂ ಅದ. ಇಡೀ ಗಾಡಿ ಭಾರ ಆ ಕೊಂಡಿ ಮ್ಯಾಲೆ ಬಿದ್ದಿರ್ತದ.

ಅದಕ್ಕ ನಿಲ್ಲಸೋವಾಗ ಈ ಕ್ರಮ ಇಟಗೋರಿ. ಕಾಲಬ್ರೇಕ್ ಒತ್ತಿ ಹಿಡಕೊಂಡ ಗಿಯರ್ ಎನ್‌ಗೆ ತರ್ರಿ. ಹ್ಯಾಂಡ್‌ಬ್ರೇಕ್ ಪೂರ್ತಿ ಎಳೀರಿ. ಕಾಲು ಸಾವಕಾಶ ಸಡಲ ಬಿಡ್ರಿ, ಗಾಡಿ ಹ್ಯಾಂಡ್‌ಬ್ರೇಕ್ ಮ್ಯಾಲೆ ಕೂಡ್ಲಿ. ಮತ್ತ ಕಾಲಬ್ರೇಕ್ ಒತ್ತಿ ಪಿ ಹಾಕ್ರಿ. ಗಾಡಿ ಪೂರಾ ನಿಲ್ಲೋಕಿಂತ ಮೊದಲ ಪಿ ಹಾಕಿದ್ರ ಕೊಂಡಿ ಹಲ್ಲಿಗೆ ಕಟಕಟ ಬಡೀತದ, ಸವೀತದ.

ಹೋದ ವರ್ಷ ನಮ್ಮ ಗಾಡಿದು ಮಾತ್ರ ಬ್ಯಾರೆ ಕಥಿ. ಅತ್ತಿಯವರಿಗೆ ಕಣ್ಣಿನ ಪೊರೆ ತಗಸೋದಿತ್ತು, ಮುಂಜಾನೆ ಎಂಟಕ್ಕ ಹುಬ್ಬಳ್ಳಿ ಮುಟ್ಟಬೇಕು. ಅವರು ಮಡಿ ಸೀರಿ ಉಟ್ಟು, ದೇವರಿಗೆ ಕೈಮುಗದು ಬಂದು ಕೂತಾರ, ಗಿಯರ್ ಅಳ್ಳಾಡವಲ್ತು! ಗಾಡಿ ನಿಂತದ್ದು ಸಪಾಟ ಅಂಗಳದಾಗ. ಗ್ಯಾರೇಜಿಗೆ ಫೋನ್ ಹಚ್ಚಿದ್ರ ಅಂವ ಗಾಡಿ ನೋಡಲಾರದ, “ಗಿಯರ್ ಬಾಕ್ಸ್ ಹೋಗಿರಬೇಕ್ರಿ, ಎತ್ತಿಕೊಂಡ ಬರಬೇಕಾಗ್ತದ. ಲೇಡೀಸ್ ಹೊಡಿಯೋ ಗಾಡಿ ಅಲ್ಲೇನ್ರಿ?” ಅಂದ. ನನಗ ಸಿಟ್ಟು ನೆತ್ತಿಗೇರಿತು. ಆದ್ರ ಮೊದಲು ಟ್ಯಾಕ್ಸಿ ಕರದು, ಅತ್ತಿಯವರನ್ನ ನಮ್ಮನಿಯವರ ಜೋಡಿ ಕಳಿಸಿದೆ.

ಆಮ್ಯಾಲೆ ಗಾಡಿ ಪುಸ್ತಕ ತಗದು ಕೂತೆ. ಬ್ರೇಕ್ ಒತ್ತಿದ ಸುದ್ದಿ ಗಿಯರಿಗೆ ಮುಟ್ಟೋ ತನಕಾ ಅದು ಪಿ ಬಿಟ್ಟು ಬರಂಗಿಲ್ಲ. ಸಣ್ಣ ಮಕ್ಕಳು ಒಳಗ ಕೂತು ಎಳದ್ರ ಗಾಡಿ ಉರುಳಬಾರದು ಅಂತ ಆ ಏರ್ಪಾಡು. ಸುದ್ದಿ ಮುಟ್ಟಸೋದು ಪೆಡಲ್ ಮ್ಯಾಲಿನ ಒಂದು ಸಣ್ಣ ಸ್ವಿಚ್. ಹಿಂದಿನ ಕೆಂಪು ಲೈಟ್ ಹಚ್ಚೋದೂ ಅದ. ಮಗಳನ್ನ ಹಿಂದಲೆ, ಒಂದು ಬಾಜೂಕ್ಕ ನಿಲ್ಲಿಸಿ ಬ್ರೇಕ್ ಒತ್ತಿದೆ. “ಒಂದೂ ಹತ್ತವಲ್ತು ಅವ್ವಾ!” ಅಂದ್ಲು. ರೋಗ ಸಿಕ್ತು.

ಪುಸ್ತಕದಾಗ ಹೇಳಿಧಂಗ ಗಿಯರ್ ಹತ್ರದ ಸಣ್ಣ ಮುಚ್ಚಳಾ ತಗದೆ. ಹ್ಯಾಂಡ್‌ಬ್ರೇಕ್ ಎಳದು, ಕೀಲಿ ಆನ್ ಮಾಡಿ, ಕಾಲಬ್ರೇಕ್ ಒತ್ತಿ, ಆ ಸಂದ್ಯಾಗ ಸ್ಕ್ರೂಡ್ರೈವರ್ ಒತ್ತಿಧಂಗ ಗಿಯರ್ ಬೆಣ್ಣ್ಯಾಗಿಂದ ಕೂದಲಾ ತಗದ್ಹಂಗ ಎನ್‌ಗೆ ಬಂತು. ಹಂಗಂತ ಗಾಡಿ ಹೊಡಕೊಂಡ ಹೋಗಲಿಲ್ಲ. ಬ್ರೇಕ್ ಲೈಟ್ ಇಲ್ಲದ ಗಾಡಿ ರಸ್ತಾಕ್ಕ ಇಳಿಸಿದ್ರ ಹಿಂದಿನವರಿಗೆ ನಾವು ನಿಂತದ್ದ ತಿಳಿಯಂಗಿಲ್ಲ. ಬ್ಯಾರೆ ಮೆಕ್ಯಾನಿಕ್ ಮನಿಗೇ ಬಂದು ಸ್ವಿಚ್ ಬದಲಿ ಮಾಡಿದ. ಒಂದು ಸಾದಾ ಕಾಟನ್ ಸೀರಿ ರೊಕ್ಕದಾಗ ಮುಗೀತು.

ನೆನಪಿಗಿಷ್ಟ ಇಟಗೋರಿ. ಬ್ರೇಕ್ ಲೈಟ್ ಹತ್ತದಿದ್ರ ಸ್ವಿಚ್ ಇಲ್ಲಾ ಫ್ಯೂಸ್ ನೋಡಸ್ರಿ. ಮೀಟರಿನ ದೀಪಾನೂ ಮಂಕಾಗಿದ್ರ ಬ್ಯಾಟರಿ. ಲೈಟ್ ಹತ್ತಿ, ಗಾಡಿ ಇಳುಕಲಿನಾಗಿದ್ರ ಕೊಂಡಿ ಮ್ಯಾಲಿನ ಭಾರ. ಆವಾಗ ಇಳುಕಲಿನ ಕಡೆ ಯಾರನ್ನೂ ನಿಲ್ಲಿಸಬ್ಯಾಡ್ರಿ. ಕೀಲಿ ಹೊರಗ ಬರದಿದ್ರ ಗಿಯರ್ ಪೂರ್ತಿ ಪಿಗೆ ಕೂತಿರಂಗಿಲ್ಲ. ಇನ್ನ ಬಹಳಷ್ಟು ಎಎಂಟಿ ಗಾಡಿಗೆ ಪಿ ಇರೋದೇ ಇಲ್ಲ, ಅದಕ್ಕ ಹ್ಯಾಂಡ್‌ಬ್ರೇಕ್ ಬಿಗಿಯಾಗಿ ಎಳದು, ಪುಸ್ತಕದಾಗ ಹೇಳಿದ ಗಿಯರಿನಾಗ ಇಟ್ಟು ಬಂದ್ ಮಾಡಬೇಕು.

ಅತ್ತಿಯವರು ಪಟ್ಟಿ ಬಿಚ್ಚಿದ ಮರುದಿನ ನನ್ನ ಬಾಜೂ ಸೀಟಿನಾಗ ಕೂತು, ಅಂಗಡಿ ಬೋರ್ಡ್ ಒಂದೊಂದಾಗಿ ಓದಿಕೋತ ಸುಭಾಸ ರೋಡಿಗೆ ಬಂದ್ರು. ಗಾಡಿ ಮಾರಿ ಬಿಡು ಅಂತಿದ್ದ ಮೈದುನಗ ಈಗ ಅವರ ಉತ್ತರಾ ಕೊಡ್ತಾರ.