ಹಗೇವಿನ ಮೇಲೆ ಉಸುಕು

ಕುಳಗೇರಿ ಕ್ರಾಸಿನಲ್ಲಿ ಇಳಿದವರು ಉಳಿಯಲಿಕ್ಕೆ ಬಂದವರಲ್ಲ. ಹುಬ್ಬಳ್ಳಿ ಕಡೆಯಿಂದ ಬಂದವರು ಬಾದಾಮಿ ಬಸ್ಸು ಕಾಯುತ್ತಾರೆ, ಬಾದಾಮಿಯಿಂದ ಬಂದವರು ಹುಬ್ಬಳ್ಳಿಯದು. ಒಂದು ಪ್ಲೇಟು ಮಿರ್ಚಿ, ಒಂದು ಕಪ್ಪು ಚಹಾ, ಹಾರ್ನ್ ಆದಕೂಡಲೇ ಓಟ. ಈ ಊರಿನ ಮನೆಗಳಿಗೆ ಹಿತ್ತಲವೂ ಇದೆ ಎಂದು ಅವರಿಗೆ ಯಾಕೆ ತಿಳಿದೀತು? ನಮ್ಮದೂ ಒಂದಿದೆ. ಎಲ್ಲಿಯೂ ಸಲ್ಲದ್ದು ಅಲ್ಲಿ ಸಲ್ಲುತ್ತಿತ್ತು: ಮುರಿದ ಕುಂಟಿ, ಹರಿದ ತಾಡಪತ್ರಿ, ಕಾಲು ಹೋದ ಹೊರಸು, ಕುಳ್ಳಿನ ಒಟ್ಟಲು. ಸೊಸೆಗೆ ಬಾದಾಮಿಗೆ ವರ್ಗವಾಗಿ, ಎರಡೂವರೆ ವರ್ಷದ ಮೊಮ್ಮಗಳು ನಮ್ಮಲ್ಲಿಗೆ ಬಂದ ಮೇಲೆ ಅದನ್ನು ಕೂಸಿಗೊಂದು ತೋಟ ಮಾಡಬೇಕೆಂಬ ಮಾತು ಹುಟ್ಟಿತು.

ಹುಟ್ಟಿಸಿದವರು ನಮ್ಮ ಮನೆಯವರು. ಫೋನಿನಲ್ಲಿ ಯಾವುದೋ ದೇಶದ ಅಂಗಳ ತೋರಿಸಿ, "ಇಂಥಾ ಹಸರ ಲಾನ್ ಹಾಕ್ಸೂಣು" ಎಂದರು.

"ಎರಿ ಭೂಮಿಯಾಗ ಲಾನ್ ಏನ್ರೀ? ಮಳಿಗಾಲದಾಗ ಕಾಲು ಹುಗೀತಾವ, ಬ್ಯಾಸಗ್ಯಾಗ ಬಿರಕಿನ್ಯಾಗ ಕೈ ಹೋಗತೈತಿ. ಹುಲ್ಲ ಬೇಕಂದ್ರ ಎಮ್ಮಿ ಕಟ್ಟೂಣು, ಹಾಲರ ಸಿಗತಾವ" ಎಂದೆ. ಲಾನಿನ ಮಾತು ಅಲ್ಲಿಗೇ ನಿಂತಿತು.

ಏನು ನೆಡಬೇಕು ಎನ್ನುವುದಕ್ಕಿಂತ ಮೊದಲು ಏನು ಕೀಳಬೇಕು ಎಂದು ನೋಡುತ್ತ ಹೋದೆ. ಅಷ್ಟು ವರ್ಷ ದಿನಾ ಹೂ ಹರಿದ ಹಿತ್ತಲದಲ್ಲಿ ಒಂದು ಮಾತು ಆಗ ಹೊಳೆಯಿತು: ಶಿವನಿಗೆ ಪ್ರೀತಿಯಾದದ್ದೆಲ್ಲ ಕೂಸಿಗೆ ವಿಷ. ಎಕ್ಕಿಯ ಹಾಲು ಕಣ್ಣಿಗೆ ಸಿಡಿದರೆ ಕಣ್ಣಿಗೇ ಕುತ್ತು. ದತ್ತೂರಿಯ ಬೀಜ ತಿಂದರೆ ನಾಲಿಗೆ ಒಣಗಿ, ಕಣ್ಣಾಲಿ ಹಿಗ್ಗಿ, ಮಂದಿ ಹುಚ್ಚುಹುಚ್ಚಾಗಿ ಮಾತಾಡುತ್ತಾರೆ. ಕಣಗಿಲವಂತೂ ಬೇರಿನಿಂದ ಹೂವಿನ ತನಕ ಹೃದಯದ ಬಡಿತ ಕೆಡಿಸುವ ಗಿಡ. ಅಮೆರಿಕ ಖಂಡದಿಂದ ಬಂದು ನಮ್ಮ ದೇವರ ಕೋಣೆ ಹೊಕ್ಕ ಹಳದಿ ಕಣಗಿಲವೂ ಅದೇ ಜಾತಿಯ ಕೇಡು; ಅದರ ಹಸಿರು ಕಾಯಿ ಮಕ್ಕಳ ಕೈಗೆ ಹೇಳಿ ಮಾಡಿಸಿದ ಅಳತೆ. ವಿಷಕಂಠನಿಗೆ ಇವೆಲ್ಲ ನಡೆಯುತ್ತವೆ, ಕುಡಿದು ಅಭ್ಯಾಸವಿದೆ. ಮೊಮ್ಮಗಳಿಗೆ ನಡೆಯುವುದಿಲ್ಲ. ನಾಲ್ಕನ್ನೂ ಬೇರುಸಹಿತ ತೆಗೆಸಿದೆ. ಸುಡಬೇಡಿ, ಹೊಗೆಯೂ ಕೆಟ್ಟದ್ದು ಎಂದು ಹೇಳಿ ದೂರದ ತಗ್ಗಿನಲ್ಲಿ ಹುಗಿಸಿದೆ. ಶಿವನಿಗೆ ಈಗ ಬಿಲ್ವಪತ್ರೆ, ದಾಸಾಳ. ಇದುವರೆಗೆ ಅವನಿಂದ ತಕರಾರು ಬಂದಿಲ್ಲ.

ಬೇಲಿಗೆ ಹಬ್ಬಿದ್ದ ಗುಲಗಂಜಿ ಬಳ್ಳಿ ಕೀಳುವಾಗ ಮಾತ್ರ ಕೈ ಹಿಂದೆ ಬಂತು. ಕೆಂಪು ಮೈ, ಕರಿ ಕಣ್ಣು. ನಾವು ಅಳಗುಳಿ ಮಣಿ ಆಡಿದ್ದು ಅದರಲ್ಲೇ. ಅಕ್ಕಸಾಲಿಗರು ಬಂಗಾರ ತೂಗಿದ್ದೂ ಅದರಲ್ಲೇ: ತೊಂಬತ್ತಾರು ಗುಲಗಂಜಿಗೆ ಒಂದು ತೊಲ, ಅಂದರೆ ಒಂದು ಕಾಳು ಸುಮಾರು 0.12 ಗ್ರಾಂ. ನನ್ನ ಬೋರಮಾಳದ ಗುಂಡುಗಳೂ ಹಾಗೆ ತೂಗಿದವೇ. ಇಡೀ ಕಾಳು ನುಂಗಿದರೆ ಗಟ್ಟಿ ಸಿಪ್ಪೆಯಿಂದಾಗಿ ಎಷ್ಟೋ ಸಲ ಹಾಗೆಯೇ ಹೊರಗೆ ಹೋಗುತ್ತದೆ, ಅಗಿದರೆ ಮಾತ್ರ ಒಳಗಿನ ಅಬ್ರಿನ್ ವಿಷ ಪ್ರಾಣಕ್ಕೇ ಬರುತ್ತದೆ. ನಮ್ಮ ಕೂಸಿಗೆ ಹೊಸದಾಗಿ ಬಂದದ್ದು ದವಡೆಹಲ್ಲು. ಬಳ್ಳಿ ಹೋಯಿತು. ಔಡಲವೂ ಅದರ ಹಿಂದೆಯೇ ಹೋಯಿತು.

ಇಷ್ಟಾದರೂ ನನ್ನ ಜೀವ ಇದ್ದದ್ದು ಗಿಡಗಳ ಮೇಲಲ್ಲ, ಬೇವಿನ ಮರದ ಕೆಳಗಿನ ಹಗೇವಿನ ಮೇಲೆ.

ಹಗೇವು ಅಂದರೇನು ಅಂತ ಈಗಿನವರಿಗೆ ಬಿಡಿಸಿ ಹೇಳಬೇಕು. ಗಟ್ಟಿ ಗರಸು ನೆಲ ಹುಡುಕಿ ಆಳಕ್ಕೆ ತೋಡಿದ ಕಾಳಿನ ಕುಣಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಳಗೆ ಹೋದಂತೆ ಹೊಟ್ಟೆ ದೊಡ್ಡದು. ತಳಕ್ಕೆ, ಗೋಡೆಗೆ ಒಣ ಕಣಿಕಿ, ಹೊಟ್ಟು ಒತ್ತಿ, ಜೋಳ ಸುರಿದು, ಮೇಲೆ ಮತ್ತೆ ಹೊಟ್ಟು ಹರವಿ, ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕಾಳಿಗೆ ಕೇಡಿಲ್ಲ. ಒಳಗಿನ ಕಾಳು, ಹುಳ ಎಲ್ಲ ಉಸಿರಾಡಿ ಇದ್ದ ಆಮ್ಲಜನಕ ತೀರಿಸುತ್ತವೆ, ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ಹುಳ ಸಾಯುತ್ತದೆ, ಜೋಳ ಉಳಿಯುತ್ತದೆ. ಅವಸರಕ್ಕೆ ಬಿದ್ದು ಇಳಿದ ಮನುಷ್ಯನೂ ಆ ಗಾಳಿಗೆ ಹುಳದ ಲೆಕ್ಕವೇ. ಹಗೇವಿಗೆ ಇಳಿದವನು, ಅವನನ್ನು ಎತ್ತಲು ಇಳಿದವನು, ಇಬ್ಬರೂ ಹೋದ ಕತೆ ನಮ್ಮ ಸೀಮೆಯಲ್ಲಿ ಕೇಳದ ಹಳ್ಳಿ ಇರಲಿಕ್ಕಿಲ್ಲ.

ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅದನ್ನು ಕೊನೆಯ ಸಲ ತೆರೆದರು. ಹಿಂದಿನ ದಿನವೇ ಕಲ್ಲು ಸರಿಸಿ ರಾತ್ರಿಯೆಲ್ಲ ಬಾಯಿ ಬಿಟ್ಟಿದ್ದರು. ನಮ್ಮತ್ತಿ ಕಟ್ಟಿಗೆ ಕೂತು ಕಾವಲು. ಬೆಳಗ್ಗೆ ಓಣಿಯ ಹುಡುಗರು ಗುಂಪುಗೂಡಿದಾಗ, "ಏ ತಂಗಿ, ಕೂಸಗೋಳನ್ನೆಲ್ಲ ಒಳಗ ಕೂಡಿಸಿ ಬಾಗಲಾ ಹಾಕ ಮೊದಲ" ಎಂದು ನನಗೆ ಹೇಳಿದರು. ಮಾವ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟರು. ಎರಡು ಮೊಳ ಇಳಿಯಿತೋ ಇಲ್ಲವೋ, ಜ್ಯೋತಿ ಕುಗ್ಗಿ, ನೀಲಿಯಾಗಿ, ಆರಿತು. ಎಲೆ ತುಂಬಿದ ಬೇವಿನ ಟೊಂಗಿ ಇಳಿಸಿ, ಏರಿಸಿ, ಇಳಿಸಿ ಗಾಳಿ ಕಲಕಿದರು. ಮತ್ತೆ ಕಂದೀಲು. ಅದು ತಳ ಮುಟ್ಟುವ ತನಕ ಉರಿದ ಮೇಲೆಯೇ ಆಳು ಇಳಿದದ್ದು, ಅದೂ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು. ಮೇಲೆ ಬಂದ ಜೋಳಕ್ಕೆ ಹುಳಿಹುಳಿ ವಾಸನೆ. ಆ ರೊಟ್ಟಿಗೆ ನಾನು ಮೂಗು ಮುರಿದರೆ ಅತ್ತಿ, "ಹಗೇವು ಎಷ್ಟದಾವ ಅಂತ ಕೇಳಿ ಹೆಣ್ಣ ಕೊಡತಿದ್ರು ಆಗ. ನಿಮ್ಮಪ್ಪ ಏನ ಕೇಳಿದ್ನೋ" ಎಂದರು. ಅಪ್ಪ ಕೇಳಿದ್ದು ವರನ ನೌಕರಿ.

ಅತ್ತಿಯ ಮಾತು ಸುಳ್ಳಲ್ಲ. 1876–78ರ ಬರದ ಕಾಲಕ್ಕೆ ನಮ್ಮದು ಕಲಾದಗಿ ಜಿಲ್ಲೆ; ಆ ಬರ ತಿಂದ ಸೀಮೆಗಳಲ್ಲಿ ಅದೂ ಒಂದು. ಅಂಥ ನೆಲದಲ್ಲಿ ಜೋಳ ಹುಗಿದಿಟ್ಟವನೇ ದೊಡ್ಡವ. ಆಮೇಲೆ ಹೈಬ್ರಿಡ್ ಜೋಳ ಬಂತು, ರೇಷನ್ ಅಕ್ಕಿ ಬಂತು, ಚೀಲ ಬಂದವು. ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ನೀರು ಕಾಲುವೆಗೆ ಹರಿದ ಕಡೆ ನೆಲದ ತಂಪು ಏರಿ ಹಗೇವಿನ ಕಾಳಿಗೆ ಬೂಸರು ಬಂತೆಂದು ಮಾವ ಬೈಯುತ್ತಿದ್ದರು. ಹೊಲಕ್ಕೆ ನೀರು ಬಂದದ್ದಕ್ಕೆ ಹಿಗ್ಗಿದವರೂ ಅವರೇ.

ಕಲ್ಲು ಮುಚ್ಚಿದ್ದ ಹಗೇವು ಮುಚ್ಚಿಯೇ ಇತ್ತು. ಆದರೆ ಅದನ್ನು ನಂಬುವುದು ಹೇಗೆ? ಈಗಿನ ಕಾಲದ ಕುಣಿ ಬೋರು. 2014ರ ಆಗಸ್ಟಿನಲ್ಲಿ ನಮ್ಮ ಬಾದಾಮಿ ತಾಲ್ಲೂಕಿನ ಸೂಳಿಕೇರಿಯಲ್ಲೇ ತೆರೆದ ಬೋರಿಗೆ ಬಿದ್ದ ಹುಡುಗ ಉಳಿಯಲಿಲ್ಲ. ಆ ದಿನಗಳಲ್ಲಿ ಈ ಸುತ್ತಿನ ಯಾವ ಮನೆಯಲ್ಲೂ ಟಿವಿ ಆರಲಿಲ್ಲ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಬಿದ್ದ ಕೂಸನ್ನು ಮಾತ್ರ ಪಕ್ಕದಲ್ಲಿ ಕುಣಿ ತೋಡಿ, ಸುಮಾರು ಇಪ್ಪತ್ತು ತಾಸಿನ ಮೇಲೆ ಜೀವಂತ ತೆಗೆದರು. ಕೆಟ್ಟ ಬೋರನ್ನು ತಳದಿಂದ ಮೇಲಿನ ತನಕ ಮಣ್ಣು, ಉಸುಕು, ಕಲ್ಲಿನಿಂದ ತುಂಬಬೇಕು, ನಡೆಯುವ ಬೋರಿನ ಬಾಯಿಗೆ ಗಟ್ಟಿ ಮುಚ್ಚಳ, ಸುತ್ತ ಸಿಮೆಂಟಿನ ಕಟ್ಟೆ ಇರಬೇಕು ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಅದಾದ ಮೇಲೂ ನಮ್ಮ ಹೊಲಗಳಲ್ಲಿ ನಾನು ಹೆಚ್ಚು ಕಂಡ ಮುಚ್ಚಳವೆಂದರೆ ಗೊಬ್ಬರದ ಚೀಲ, ಅದರ ಮೇಲೊಂದು ಕಲ್ಲು. ನಮ್ಮ ಅತ್ತಿ ಇದ್ದಿದ್ದರೆ ಆ ಕಲ್ಲಿನ ಮೇಲೆ ತಾವೇ ಕೂತಿರುತ್ತಿದ್ದರು.

ಹಗೇವು ತುಂಬಿಸಲಿಕ್ಕೆ ಗೌಂಡಿ ಕಾಕಾ ಬಂದರು. ಹಗೇವಿನ ಕಲ್ಲು ಸರಿಸಿ ರಾತ್ರಿ ಬಿಟ್ಟೆವು, ಕೂಸನ್ನು ಅದರಮ್ಮನ ಕಡೆ ಬಾದಾಮಿಗೆ ಕಳಿಸಿದೆವು, ಯಾರೂ ಒಳಗೆ ಇಳಿಯದೆ ಮೇಲಿನಿಂದಲೇ ಗರಸು ಸುರಿದೆವು. ಒಮ್ಮೆಗೇ ಸುರಿದರೆ ಮಳೆಗೆ ಕುಸಿಯುತ್ತದೆ; ಒಂದು ಥರ ಹಾಕಿ, ನೀರು ಬಿಟ್ಟು, ಮೇಲಿನ ಥರಗಳಿಗೆ ಧಮ್ಮಸು ಹೊಡೆದರು. ಒಂದು ಮಳೆಗಾಲ ಹಾಗೇ ಬಿಟ್ಟು, ತಗ್ಗಿದಷ್ಟನ್ನು ಮತ್ತೆ ತುಂಬಿಸಿದ ಮೇಲೆ ಅದರ ಮೇಲೆ ಮೊಣಕಾಲೆತ್ತರದ ಮಲಪ್ರಭೆ ಉಸುಕು. ಉಸುಕಿನ ರೇಟು ಕೇಳಿ ನಮ್ಮ ಮನೆಯವರು, "ಇದರಾಗ ನಿಜವಾಗಲೂ ಲಾನ್ ಆಗತಿತ್ತು" ಎಂದರು. ಸಾಣಿಗೆ ಹಿಡಿದು ಗಾಜು, ಮೊಳೆ ತೆಗೆದದ್ದು ನಾನು. ರಾತ್ರಿ ಬೆಕ್ಕು ಹೊಲಸು ಮಾಡದ ಹಾಗೆ ಹರಿದ ತಾಡಪತ್ರಿಗೆ ಹೊಲಿಗೆ ಹಾಕಿ ಹೊದಿಸುತ್ತೇವೆ. ಹಗೇವಿನ ಕಲ್ಲು ಈಗ ನನ್ನ ಕುರ್ಚಿ.

ಕುಳ್ಳಿನ ಒಟ್ಟಲು ಊರ ಹೊರಗಿನ ಕಣಕ್ಕೆ ಹೋಯಿತು. ಅದರ ಕೆಳಗೆ ಕೆಂಪು ಚೇಳು ಇದ್ದವು. ಮಹಾರಾಷ್ಟ್ರದ ಮಹಾಡದ ಡಾ. ಹಿಮ್ಮತರಾವ್ ಬಾವಸ್ಕರ್ ಅವರು ಪ್ರಾಜೋಸಿನ್ ಎಂಬ ರಕ್ತದೊತ್ತಡದ ಗುಳಿಗೆ ಈ ಚೇಳಿನ ವಿಷಕ್ಕೆ ಎದುರು ನಿಲ್ಲುತ್ತದೆ ಎಂದು ತೋರಿಸುವ ಮೊದಲು ಇದು ಕಚ್ಚಿದ ಎಷ್ಟೋ ಮಕ್ಕಳು ಉಳಿಯುತ್ತಿರಲಿಲ್ಲ. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರ ಫೋಟೊ ನಮ್ಮ ಕಡೆಯ ಪ್ರತಿ ಹಿತ್ತಲದಲ್ಲಿ ಇರಬೇಕಾದದ್ದು. ಬೀಜೋಪಚಾರದ ಗುಲಾಬಿ ಬಣ್ಣದ ಗೊಂಜಾಳ, ಬೆಳೆಗೆ ಹೊಡೆಯುವ ಎಣ್ಣೆಯ ಡಬ್ಬಿ ಎಲ್ಲ ಅಟ್ಟ ಏರಿ ಬೀಗ ಬಿದ್ದವು. ಆ ಬೀಜ ನೋಡಿದರೆ ನನಗೇ ಪೆಪ್ಪರಮೆಂಟು ಅನ್ನಿಸುತ್ತದೆ. ಬಚ್ಚಲ ನೀರಿನ ಬಕೆಟ್ಟು ಸಂಜೆಗೆ ಬೋರಲು. ಗೇಣು ನೀರು ಸಾಕು ಇಷ್ಟು ಸಣ್ಣ ಕೂಸಿಗೆ.

ಜಗಳ ಹತ್ತಿದ್ದು ಬಾರಿ ಗಿಡಕ್ಕೆ. ಮುಳ್ಳಿದೆ, ಕಡಿಸೋಣ ಎಂದು ನಮ್ಮ ಮನೆಯವರು. ಬೇಡ ಎಂದು ನಾನು. ಕೊಲ್ಲುವುದು ಬೇರೆ, ಗೀರುವುದು ಬೇರೆ. ಕೊಲ್ಲುವಂಥದ್ದರ ಜೊತೆ ಕೂಸಿಗೆ ಪಾಠ ಬೇಡ, ಅದನ್ನು ನಾವೇ ತೆಗೆಯಬೇಕು. ಗೀರುವುದನ್ನು ಮಾತ್ರ ಅದಕ್ಕೆ ಬಿಟ್ಟುಕೊಡಬೇಕು. ಒಂದು ಮುಳ್ಳೂ ಇಲ್ಲದ ತೋಟದಲ್ಲಿ ಬೆಳೆದವಳು ಹೊರಗಿನ ಬೇಲಿ ದಾಟುವುದು ಯಾವಾಗ ಕಲಿತಾಳು? ಅವಳು ಕೈ ಗೀರಿಕೊಂಡು ಅತ್ತಳು, ಆಮೇಲೆ ಟೊಂಗಿಯ ತುದಿ ಬಿಟ್ಟು ನಡುವೆ ಹಿಡಿದು ಹಣ್ಣು ಹರಿಯುವುದನ್ನು ಕಂಡುಕೊಂಡಳು. ಹಣ್ಣಿನಲ್ಲಿ ಒಂದು ಮುತ್ಯಾನಿಗೆ, ಉಳಿದದ್ದೆಲ್ಲ ತನಗೆ.

ಬಿತ್ತುವ ಮಡಿಯೂ ಅವಳದೇ ಬೇರೆ. ಜರ್ಮನಿಯ ಫ್ರೋಬೆಲ್ 1837ರಲ್ಲಿ ಮಕ್ಕಳ ಶಾಲೆ ತೆರೆದವನು, ಮುಂದೆ ಅಲ್ಲಿ ಪ್ರತಿ ಮಗುವಿಗೂ ಸ್ವಂತ ಮಡಿ ಇರಬೇಕೆಂದ ಎಂದು ಬಿ.ಎಡ್.ನಲ್ಲಿ ಓದಿದ್ದು ಹೀಗೆ ನಿವೃತ್ತಿಯ ನಂತರ ಉಪಯೋಗಕ್ಕೆ ಬಂತು. ಕೊತಂಬ್ರಿ ಮೊಳೆಯಲು ವಾರ ದಾಟುತ್ತದೆ, ಅಷ್ಟು ತಾಳ್ಮೆ ಅವಳ ಮುತ್ಯಾನಿಗೇ ಇಲ್ಲ. ಮೆಂತೆ ಹಾಕಿದೆವು, ಎರಡು ಮೂರು ದಿನಕ್ಕೆ ತಲೆ ಎತ್ತುತ್ತದೆ. ಮೊಳೆತದ್ದನ್ನು ಕಿತ್ತು, ಬೇರು ನೋಡಿ, ಮತ್ತೆ ಹುಗಿಯುತ್ತಾಳೆ. ಆಮೇಲೆ ಹಕ್ಕರಕಿ, ರೊಟ್ಟಿ ಜೊತೆ ಹಸಿಯಾಗಿ ತಿನ್ನಲಿಕ್ಕೆ. ಅಂಗಡಿಯ ಪಲ್ಯ ಮುಟ್ಟದವಳು ತನ್ನ ಮಡಿಯದನ್ನು ಆಡಿನ ಮರಿಯ ಹಾಗೆ ಮೇಯುತ್ತಾಳೆ. ಬನದ ಹುಣ್ಣಿಮೆಯ ಹೊತ್ತಿಗೆ ಬನಶಂಕರಿಯ ಪಲ್ಯದ ಹಬ್ಬಕ್ಕೆ ಕರೆದೊಯ್ದೆ. ದೇವಿಗೆ ನೂರೆಂಟು ಬಗೆಯ ಕಾಯಿಪಲ್ಯದ ನೈವೇದ್ಯ ಎಂದು ಹೇಳಿದಾಗ, "ಆಯಿ, ಮೆಂತೆ ನಂದು?" ಎಂದು ಕೇಳಿದಳು. ಹೌದೆಂದೆ. ದೇವಿ ಶಾಕಂಭರಿಯೂ ಅಲ್ಲವೆನ್ನಲಿಲ್ಲ.

ಈಗಿನ ಚರ್ಚೆ ಪಂಚಮಿಯ ಜೋಕಾಲಿಯದು. ಬೇವಿನ ಕೆಳಗಿನ ಟೊಂಗಿಗೆ ಕೂಸಿನದೊಂದು ಸಾಕು, ಬಿದ್ದರೂ ಕೆಳಗೆ ಉಸುಕಿದೆ ಎಂದು ನಮ್ಮ ಮನೆಯವರು. ಮೇಲಿನ ಟೊಂಗಿಗೆ ನನ್ನದೂ ಒಂದು ಬೇಕು ಎಂದು ನಾನು. "ಈ ವಯಸ್ಸಿನ್ಯಾಗ ಬಿದ್ದಗಿದ್ದಿ" ಎಂದರು. ಕೆಳಗೆ ಉಸುಕಿದೆಯಲ್ಲ ಎಂದೆ. ಉತ್ತರ ಕೊಡದೆ ಚೀಲ ಹಿಡಿದು ಹಗ್ಗ ತರಲು ಕೆರೂರಿಗೆ ಹೋಗಿದ್ದಾರೆ. ಎಷ್ಟು ಮಾರು ತರುತ್ತಾರೋ ನೋಡಬೇಕು.