ಗಡಿನಾಡಿನಲ್ಲೊಂದು ಸ್ವಾಗತ ಬಟ್ಟೆ

ಮಂಗಳೂರಿನಿಂದ ತೆಂಕಣಕ್ಕೆ ಹೊರಟ ಬಸ್ಸು ತಲಪಾಡಿಯ ಗಡಿ ದಾಟುವುದೇ ತಡ, ಅಂಗಡಿ ಬೋರ್ಡುಗಳ ಲಿಪಿ ಬದಲಾಗುತ್ತದೆ. ಬದಲಾಗುತ್ತದೆ ಎನ್ನುವುದಕ್ಕಿಂತ ಬೆರೆಯುತ್ತದೆ ಎನ್ನುವುದೇ ಸರಿ. ಮಂಜೇಶ್ವರ, ಉಪ್ಪಳ, ಕುಂಬಳೆ ಎಂದು ಮುಂದುವರಿದಂತೆ ಬೇಕರಿಯ ಮೇಲೆ ಮಲಯಾಳ, ಭಜನಾ ಮಂದಿರದ ಮೇಲೆ ಕನ್ನಡ, ಬ್ಯಾಂಕಿನ ಮೇಲೆ ಎರಡೂ ಕಾಣಿಸುತ್ತವೆ. ಅದರ ಕೆಳಗೆ ನಿಂತು ಜನ ಮಾತಾಡುವುದು ಮಾತ್ರ ತುಳು, ಬ್ಯಾರಿ, ಕೊಂಕಣಿ, ಹವ್ಯಕ, ಮರಾಠಿ! ಕಾಸರಗೋಡಿನವರು ತಮ್ಮ ಊರನ್ನು ಸಪ್ತಭಾಷಾ ಸಂಗಮಭೂಮಿ ಎಂದು ಹೆಮ್ಮೆಯಿಂದ ಕರೆದುಕೊಳ್ಳುತ್ತಾರೆ. ಏಳೆಂದು ಎಣಿಸಹೊರಟರೆ ಎಂಟೊಂಬತ್ತು ಸಿಕ್ಕೀತು.

ಈ ರಸ್ತೆಯನ್ನು ನೋಡಬೇಕಾದ್ದು ಜೂನ್ ಒಂದರ ಆಸುಪಾಸಿನಲ್ಲಿ. ತಲಪಾಡಿಯ ಈಚೆ, ನಮ್ಮ ಕರ್ನಾಟಕದ ಶಾಲೆಗಳಲ್ಲಿ, ಮೇ ಕೊನೆಯ ವಾರದಲ್ಲೇ ‘ಪ್ರಾರಂಭೋತ್ಸವ’ ಮುಗಿದಿರುತ್ತದೆ. ಆಚೆ ನಡೆಯುವುದು ‘ಪ್ರವೇಶೋತ್ಸವ’. ಹೆಸರು ಬೇರೆಯಾದರೂ ಮಾವಿನೆಲೆಯ ತೋರಣ, ಬೆಲೂನು, ಮಕ್ಕಳ ತಲೆಗೆ ಕಾಗದದ ಟೋಪಿ, ಪಾಯಸ ಎಲ್ಲ ಇಲ್ಲೂ ಉಂಟು, ಅಲ್ಲೂ ಉಂಟು. ಕೇರಳದಲ್ಲಿ ಮಾತ್ರ ಇದು ನಾಡಹಬ್ಬದ ಗತ್ತಿನಲ್ಲಿ ನಡೆಯುತ್ತದೆ. ಶಾಲೆ ಎಂದ ಮೇಲೆ ಗೇಟಿಗೆ ಒಂದು ಬ್ಯಾನರ್ ಇರಲೇಬೇಕು. ವಿಚಿತ್ರವೆಂದರೆ ಮುಂಗಾರು ಕೇರಳಕ್ಕೆ ಕಾಲಿಡುವ ವಾಡಿಕೆಯ ದಿನವೂ ಜೂನ್ ಒಂದೇ! ಹೊಸ ಮಗು, ಹೊಸ ಕೊಡೆ, ಹೊಸ ಬ್ಯಾನರ್ ಮೂರೂ ಒಟ್ಟಿಗೇ ನೆನೆಯುತ್ತವೆ.

ಬ್ಯಾನರ್ ಬರೆಯುವವರ ಪಂಚಾಂಗವೇ ಬೇರೆ. ದೀಪಾವಳಿ ಕಳೆದ ಮೇಲೆ ಜಾತ್ರೆ, ನೇಮ, ಬ್ರಹ್ಮಕಲಶೋತ್ಸವ, ಯಕ್ಷಗಾನ ಬಯಲಾಟ ಎಂದು ಕೈಗೆ ಬಿಡುವಿರುವುದಿಲ್ಲ. ಮೇ ಕೊನೆಯಲ್ಲಿ ಪತ್ತನಾಜೆ ಬಂತೆಂದರೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ದೈವಗಳ ಭಂಡಾರ ಒಳಗೆ ಹೋಗುತ್ತದೆ. ಮಳೆಗಾಲದ ಮೊದಲು ಉಳಿಯುವ ಕೊನೆಯ ಕೆಲಸವೇ ಶಾಲೆಯದು. ಹಣ ಕಡಿಮೆ, ಗಡಿಬಿಡಿ ಹೆಚ್ಚು.

ಕುಂಬಳೆಯಿಂದ ಬದಿಯಡ್ಕದ ಕಡೆಗೆ ಹೋಗುವ ಹಾದಿಯಲ್ಲಿ, ಸೀತಾಂಗೋಳಿ ದಾಟಿದ ಮೇಲೆ, ಅಡಿಕೆ ತೋಟಗಳ ನಡುವೆ ಒಂದು ಹಳೆಯ ಕನ್ನಡ ಶಾಲೆ. ಹೆಸರು ಬೇಡ. ಅಂಥವು ಆ ಸೀಮೆಯಲ್ಲಿ ಬೇಕಷ್ಟಿವೆ. ಜಗಲಿಯ ಗೋಡೆಗೆ ಬಿಳಿ ಬಟ್ಟೆ ಬಡಿದು ಅರುವತ್ತು ದಾಟಿದ ಆರ್ಟಿಸ್ಟರೊಬ್ಬರು ಬರೆಯುತ್ತಿದ್ದರು. ನೀಲಿ ಪುಡಿ ಸವರಿದ ದಾರವನ್ನು ಎರಡು ಕಡೆ ಹಿಡಿದು ನಡುವೆ ಎಳೆದು ಬಿಟ್ಟರೆ ಗೆರೆ ಮೂಡುತ್ತದೆ. ಆಮೇಲೆ ಪೆನ್ಸಿಲಿನ ಅಂದಾಜು, ಚಪ್ಪಟೆ ಬ್ರಷ್ಷಿನಿಂದ ಕೆಂಪು, ಕೊನೆಗೆ ಅಕ್ಷರಕ್ಕೆ ಹಳದಿ ನೆರಳು. ಎಣ್ಣೆ ಬಣ್ಣವೇ ಆಗಬೇಕು, ನೀರಿನ ಬಣ್ಣ ಮೊದಲ ಮಳೆಗೇ ಇಳಿದು ಹೋಗುತ್ತದೆ. ಗಾಳಿಗೆ ಹರಿಯದಿರಲೆಂದು ನಡುನಡುವೆ ಅರ್ಧಚಂದ್ರದ ಸೀಳು. ಎರಡು ತುದಿಗೆ ಅಡಿಕೆ ಮರದ ಸಲಾಕೆ.

“ಮಲಯಾಳ ಬರೆಯುವುದು ಸುಲಭ ಮಾರಾಯ್ರೆ, ಅಕ್ಷರ ಅಡ್ಡಕ್ಕೆ ಬೆಳೆಯುತ್ತದೆ. ಕನ್ನಡಕ್ಕೆ ಕೆಳಗೆ ಜಾಗ ಬಿಡಬೇಕು, ಒತ್ತು ಕೂರ್ಲಿಕ್ಕೆ” ಎಂದರು. ಎರಡೂ ಭಾಷೆಯ ಬ್ಯಾನರುಗಳನ್ನು ಬರೆದ ಕೈ ಅದು. ಅವರಲ್ಲಿ ‘ಸ್ವಾಗತಂ’, ನಮ್ಮಲ್ಲಿ ‘ಸ್ವಾಗತ’. ಕಿವಿಗೆ ಒಂದು ಸೊನ್ನೆಯ ವ್ಯತ್ಯಾಸವಷ್ಟೇ! ಇನ್ನು ನಮ್ಮ ‘ಸುಸ್ವಾಗತ’ದ ಕತೆ ಬೇರೆ. ಸು ಮತ್ತು ಆಗತ ಕೂಡಿಯೇ ಸ್ವಾಗತವಾದ ಮೇಲೆ ಇನ್ನೊಂದು ಸು ಯಾಕೆಂದು ಪಂಡಿತರು ಹುಬ್ಬು ಗಂಟಿಕ್ಕಬಹುದು. ಆದರೆ ಬ್ಯಾನರಿನ ಉದ್ದ ತುಂಬಬೇಕಲ್ಲ!

ಈ ಬಟ್ಟೆಯ ತುಂಡಿಗೆ ಇಷ್ಟೊಂದು ಉಪಚಾರ ಯಾಕೆ ಎಂದು ನೀವು ಕೇಳಬಹುದು. 1956ರ ನವೆಂಬರ್ ಒಂದರಂದು ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸಲ್ಲಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿದ್ದು ಕಡತದಲ್ಲೇ ಉಳಿಯಿತು. ಗೋವಿಂದ ಪೈಗಳ ಮಂಜೇಶ್ವರ, ಮೇಷ್ಟ್ರಾಗಿ ತಲೆಮಾರುಗಳನ್ನು ತಿದ್ದಿದ ಕಯ್ಯಾರ ಕಿಞ್ಞಣ್ಣ ರೈಗಳ ಪೆರಡಾಲ ಎಲ್ಲ ಗಡಿಯಾಚೆ ಉಳಿದವು. ಇವತ್ತು ಹೋರಾಟ ನಡೆಯುತ್ತಿರುವುದು ಭೂಪಟದ ಗೆರೆಗಿಂತ ಹೆಚ್ಚಾಗಿ ಹಾಜರಿ ಪುಸ್ತಕದಲ್ಲಿ. ಅಲ್ಲಿನ ಅನೇಕ ಶಾಲೆಗಳಲ್ಲಿ ಒಂದೇ ಹಿತ್ತಲಿನೊಳಗೆ ಕನ್ನಡ ವಿಭಾಗ, ಮಲಯಾಳ ವಿಭಾಗ ಅಕ್ಕಪಕ್ಕ ಇವೆ. ಕೇರಳದಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನ ಮಕ್ಕಳ ತಲೆ ಎಣಿಸುತ್ತಾರೆ. ಆ ವರ್ಷ ಎಷ್ಟು ಅಧ್ಯಾಪಕ ಹುದ್ದೆ ಉಳಿಯಬೇಕೆಂಬುದು ಆ ಲೆಕ್ಕದ ಮೇಲೆ ನಿಂತಿದೆ. ಎರಡು ಮಕ್ಕಳು ಕಡಿಮೆಯಾದರೆ ಒಂದು ಹುದ್ದೆ ಅಲುಗಾಡಬಹುದು. ಕನ್ನಡ ಬಾರದವರನ್ನು ಕನ್ನಡ ಶಾಲೆಗೆ ನೇಮಿಸಿದರೆಂದು ಪೋಷಕರು ಬೀದಿಗಿಳಿದ ಸುದ್ದಿಗಳನ್ನು ನೀವೂ ಓದಿರುತ್ತೀರಿ. ಕೇರಳದಲ್ಲಿ ನೌಕರಿ ಬೇಕಾದರೆ ಮಲಯಾಳ ಬೇಡವೇ ಎಂದು ಕೇಳುವ ತಂದೆಯನ್ನು ಬಯ್ಯುವ ಹಾಗೂ ಇಲ್ಲ. ನನಗೆ ಕಂಡಂತೆ ಅಲ್ಲಿ ಕನ್ನಡ ವಿಭಾಗಕ್ಕೆ ದೊಡ್ಡ ಪೈಪೋಟಿ ಮಲಯಾಳದ್ದಲ್ಲ, ಬೆಳಗ್ಗೆ ಮನೆ ಬಾಗಿಲಿಗೇ ಬರುವ ಇಂಗ್ಲಿಷ್ ಮೀಡಿಯಮ್ಮಿನ ಹಳದಿ ಬಸ್ಸಿನದ್ದು.

ಹೀಗಿರುವಾಗ ಗೇಟಿನ ಮೇಲಿನ ಕನ್ನಡ ಅಕ್ಷರ ಬರೀ ಅಲಂಕಾರವಾಗುವುದಿಲ್ಲ. ಇನ್ನೂ ಓದಲು ಬಾರದ ಒಂದನೇ ತರಗತಿಯ ಮಗುವಿಗಿಂತ ಅದನ್ನು ಓದುವವರು ಕೈಹಿಡಿದು ಕರೆತಂದ ಅಜ್ಜ, ಅಜ್ಜಿ, ಸೋದರಮಾವ.

ನಡುವೆ ಫ್ಲೆಕ್ಸಿನ ಕಾಲ ಬಂತು. ಸಂಜೆ ಹೇಳಿದರೆ ಬೆಳಗ್ಗೆ ತಯಾರು. ಅದರಲ್ಲಿ ಶಾಸಕರು, ಪಂಚಾಯತು ಅಧ್ಯಕ್ಷರು, ಕೊಡುಗೆ ಕೊಟ್ಟವರು ಎಲ್ಲರ ಮುಖವೂ ಇರುತ್ತಿತ್ತು, ಮಗುವಿನದ್ದು ಬಿಟ್ಟು. (2018ರಲ್ಲಿ ಬಂದ ರಿಷಬ್ ಶೆಟ್ಟರ ಸಿನಿಮಾದ ಹೆಸರೇ ಒಂದು ಶಾಲಾ ಬೋರ್ಡು, ಅದರಲ್ಲೂ ‘ಕೊಡುಗೆ: ರಾಮಣ್ಣ ರೈ’ ಎಂಬ ಸಾಲನ್ನು ಬಿಟ್ಟಿಲ್ಲ!) ಕನ್ನಡವರಿಯದ ಡಿಟಿಪಿ ಹುಡುಗ ಒತ್ತಕ್ಷರವನ್ನು ಎಲ್ಲಿಗೋ ಜಾರಿಸುತ್ತಿದ್ದ. ಅರ್ಕಾವೊತ್ತು ಸಿಗದೆ ಒಂಬತ್ತರ ಅಂಕಿಯನ್ನೇ ಒತ್ತಿ ‘ವಿದ್ಯಾಥಿ೯’ ಎಂದು ಮಾಡಿಡುತ್ತಿದ್ದ. ಅಕ್ಷರ ಕಲಿಯಲು ಬಂದ ಮಗುವನ್ನು ತಪ್ಪು ಅಕ್ಷರದಿಂದ ಸ್ವಾಗತಿಸುವುದಕ್ಕಿಂತ ಬರಿಯ ತೋರಣವೇ ವಾಸಿ. ಪಿವಿಸಿ ಫ್ಲೆಕ್ಸನ್ನು ಕರ್ನಾಟಕ 2016ರಲ್ಲಿ, ಕೇರಳ 2019ರಲ್ಲಿ ನಿಷೇಧಿಸಿದವು. ಹಳೆಯ ಫ್ಲೆಕ್ಸುಗಳು ಅಷ್ಟರಲ್ಲಿ ಸೌದೆ ಕೊಟ್ಟಿಗೆಗೆ ಮಾಡಾಗಿ, ಅಂಗಳದ ಅಡಿಕೆಗೆ ಹೊದಿಕೆಯಾಗಿ ಬೇರೆ ಕೆಲಸ ಕಂಡುಕೊಂಡಿದ್ದವು. 2020 ಮತ್ತು 2021ರ ಜೂನ್‌ಗಳಲ್ಲಿ ಕೊರೊನಾದಿಂದಾಗಿ ಪಾಠವೆಲ್ಲ ಟಿವಿ, ಮೊಬೈಲಿಗೆ ಹೋಗಿ ಶಾಲೆಯ ಗೇಟೇ ತೆರೆಯಲಿಲ್ಲ, ಬ್ಯಾನರಿನ ಮಾತೆಲ್ಲಿ?

ನಾನು ಕಂಡ ಶಾಲೆಯ ಹೆಡ್ ಟೀಚರ್ ಬಟ್ಟೆಗೆ ಮರಳಿದ್ದಕ್ಕೆ ಬೇರೆ ಕಾರಣವೂ ಇತ್ತು. ‘ಒಂದನೇ ತರಗತಿಗೆ ಸ್ವಾಗತ’ ಎಂಬ ಸಾಲಿನ ಕೆಳಗೆ ಸೇರಲಿರುವ ಅಷ್ಟೂ ಮಕ್ಕಳ ಹೆಸರು ಬರೆಸುವುದು ಅವರ ಪಟ್ಟು. ಅವರೂ ಸಹೋದ್ಯೋಗಿಗಳೂ ಮೇ ತಿಂಗಳ ಬಿಸಿಲಿನಲ್ಲಿ ಗುಡ್ಡ ಹತ್ತಿಳಿದು, ಮನೆಮನೆಗೆ ಹೋಗಿ ಹನ್ನೊಂದು ಹೆಸರು ತಂದಿದ್ದರು. ಮನೆಯಲ್ಲಿ ತುಳು ಮಾತಾಡುವ ಐವರು, ಬ್ಯಾರಿಯ ಮೂವರು, ಮರಾಠಿಯ ಇಬ್ಬರು, ಹವ್ಯಕರ ಒಂದು ಮಗು. ಎಲ್ಲ ಹೆಸರೂ ಒಂದೇ ಅಳತೆಯಲ್ಲಿ ಬರಬೇಕು. ‘ತೀರ್ಥಶ್ರೀ’ಗೆ ಮೇಲೂ ಕೆಳಗೂ ಜಾಗ ಬೇಕು, ‘ಆಯಿಷ’ ಮೂರೇ ಅಕ್ಷರದಲ್ಲಿ ಮುಗಿಯುತ್ತದೆ. ಆರ್ಟಿಸ್ಟರು ಚೀಟಿಯನ್ನು ಕಣ್ಣ ಹತ್ತಿರ ಹಿಡಿದು ಪ್ರತಿಯೊಂದನ್ನೂ ಕೇಳಿ ಕೇಳಿ ಬರೆಯುತ್ತಿದ್ದರು.

“ಇಷ್ಟು ಸಲ ಯಾಕೆ ಕೇಳ್ತೀರಿ, ಚೀಟಿಯಲ್ಲಿ ಉಂಟಲ್ಲ?” ಎಂದು ಟೀಚರ್ ನಕ್ಕರು.

“ತಪ್ಪಿದರೆ ಮಗು ಏನೂ ಹೇಳ್ಲಿಕ್ಕಿಲ್ಲ ಟೀಚರ್ರೇ. ಅಜ್ಜಿ ಬಿಡ್ಲಿಕ್ಕಿಲ್ಲ.”

ಪ್ರವೇಶೋತ್ಸವದ ದಿನ ಮಳೆ ಹನಿಯುತ್ತಲೇ ಇತ್ತು. ಗೇಟಿನಲ್ಲಿ ಒಂದು ಸಣ್ಣ ಗುಂಪು ಸೇರಿತು. ಅಜ್ಜಿಯೊಬ್ಬರು ಕೊಡೆ ಮಡಚಿ, ಅದರ ತುದಿಯಿಂದ ನಾಲ್ಕನೆಯ ಹೆಸರನ್ನು ತೋರಿಸಿ ಮೊಮ್ಮಗನಿಗೆ ತುಳುವಿನಲ್ಲಿ “ಅವು ಈ” ಎಂದರು: ಅದು ನೀನು. ಹುಡುಗ ಬ್ಯಾನರನ್ನು ನೋಡಿದ, ಅಜ್ಜಿಯನ್ನು ನೋಡಿದ, ಬೆಲೂನು ಎಲ್ಲಿ ಎಂದು ಕೇಳಿದ. ಮುಖ್ಯ ಅತಿಥಿಗಳ ಭಾಷಣ ಎಂದಿನಂತೆಯೇ ಉದ್ದವಾಗಿತ್ತು.

ಮುಂದಿನ ವಾರ, ತಲೆ ಎಣಿಸುವ ದಿನ ಕಳೆದ ಮೇಲೆ, ಅದೇ ದಾರಿಯಲ್ಲಿ ಹಿಂತಿರುಗುವಾಗ ಮತ್ತೆ ಒಳಹೊಕ್ಕೆ. ಬ್ಯಾನರನ್ನು ಗೇಟಿನಿಂದ ಬಿಚ್ಚಿ ಒಂದನೇ ತರಗತಿಯ ಹಿಂದಿನ ಗೋಡೆಗೆ ಕಟ್ಟಿದ್ದರು. ಹನ್ನೊಂದರಲ್ಲಿ ಒಂದು ಮಗು ಹಳದಿ ಬಸ್ಸು ಹತ್ತಿತ್ತು. ಹೇಳದೆ ಕೇಳದೆ ಹೊಸದಾಗಿ ಇಬ್ಬರು ಬಂದಿದ್ದರು. ಆರ್ಟಿಸ್ಟರನ್ನು ಮತ್ತೆ ಕರೆಸಿ, ಕೆಳಗಿನ ಅಂಚಿನಲ್ಲಿ ಉಳಿದಿದ್ದ ನಾಲ್ಕು ಬೆರಳ ಜಾಗದಲ್ಲಿ ಆ ಎರಡು ಹೆಸರನ್ನೂ ಸೇರಿಸಿದ್ದರು. ಹಾಜರಿಯಲ್ಲಿ ಹನ್ನೆರಡು, ಬಟ್ಟೆಯ ಮೇಲೆ ಹದಿಮೂರು. ಹೋದ ಮಗುವಿನ ಹೆಸರು ಹಾಗೇ ಇದೆಯಲ್ಲ ಎಂದೆ.

“ಎಣ್ಣೆ ಬಣ್ಣ ಅಲ್ವಾ, ಅಳಿಸ್ಲಿಕ್ಕೆ ಬರುವುದಿಲ್ಲ” ಎಂದರು ಟೀಚರ್. “ಎರಡನೇ ಕ್ಲಾಸಿಗಾದರೂ ಬರ್ಲಿಕ್ಕೂ ಸಾಕು.”