ಕೈಮರ ಇರುವ ಹಾದಿ

ರೈಲುಹಾದಿಯನ್ನು ಅಂಗಡಿಯಲ್ಲಿ ಕೊಳ್ಳಬಹುದು ಎಂದಿದ್ದರೆ ಹಿಂದಿನವರು ನಗುತ್ತಿದ್ದರು. ಈಗ ಕೊಳ್ಳಬಹುದು. ಕಂಪ್ಯೂಟರಿನಲ್ಲಿ ರೈಲು ಓಡಿಸುವ ಆಟಗಳಿವೆ. ಆಟದ ಜೊತೆಗೇ ಕೆಲವು ಹಾದಿಗಳು ಬರುತ್ತವೆ. ಅವು ಸಾಲದು ಎನ್ನುವವರಿಗೆ ಬಿಡಿ ಹಾದಿಗಳು ಮಾರಾಟಕ್ಕಿವೆ. ಆಲ್ಪ್ಸ್ ಪರ್ವತದ್ದು, ಅಮೆರಿಕದ ಮರುಭೂಮಿಯದು, ಲಂಡನ್ನಿನ ಹೊರವಲಯದ್ದು, ಹೀಗೆ ಕಣ್ಣು ಕತ್ತಲೆ ಬರುವಷ್ಟು. ಒಂದೊಂದರ ಬೆಲೆ ಸಾವಿರ ರೂಪಾಯಿಯ ಆಸುಪಾಸು. ರಿಯಾಯಿತಿ ಬಂದಾಗ ಅರ್ಧ. ಎಲ್ಲವನ್ನೂ ಕೊಂಡುಬಿಡುತ್ತೇನೆಂದು ಹೊರಟರೆ ಲಕ್ಷಗಳ ಲೆಕ್ಕ. ಹೀಗಾಗಿ ಈ ಹವ್ಯಾಸದವರಿಗೆ ರೈಲು ಓಡಿಸುವುದಕ್ಕಿಂತ ಹಾದಿ ಆರಿಸುವುದೇ ದೊಡ್ಡ ಯೋಚನೆ. ಸಂತೆಯಲ್ಲಿ ಎತ್ತು ಕೊಳ್ಳುವವರು ಹಲ್ಲು ನೋಡಿ, ಗೊರಸು ನೋಡಿ, ಸುಳಿ ನೋಡಿ, ಕೊನೆಗೆ ಟವೆಲಿನ ಕೆಳಗೆ ಕೈ ಹಾಕುವಂತೆ ಇವರೂ ತಿಂಗಳುಗಟ್ಟಲೆ ನೋಡುತ್ತಾರೆ.

ಹೊಸಬರು ಮೊದಲು ನೋಡುವುದು ಬೆಟ್ಟ, ಹೊಳೆ, ಹಿಮ. ಚಿತ್ರದಲ್ಲಿ ಚೆಂದ ಕಂಡದ್ದನ್ನು ಕೊಳ್ಳುತ್ತಾರೆ. ಮೂರು ಸಲ ಓಡಿಸುವಷ್ಟರಲ್ಲಿ ಬೆಟ್ಟ ಹಳತಾಗಿರುತ್ತದೆ. ಇನ್ನು ಕೆಲವರಿಗೆ ಉದ್ದದ ವ್ಯಾಮೋಹ. ಇನ್ನೂರು ಕಿಲೋಮೀಟರಿನ ನೇರ ಹಾದಿಯಲ್ಲಿ ಕೈ ಕಟ್ಟಿ ಕೂರುವುದಕ್ಕಿಂತ ಮೂವತ್ತು ಕಿಲೋಮೀಟರಿನಲ್ಲಿ ಎಂಟು ನಿಲ್ದಾಣ, ನಾಲ್ಕು ಏರು, ಎರಡು ಕ್ರಾಸಿಂಗ್ ಇದ್ದರೆ ಆಟ ರಂಗೇರುತ್ತದೆ ಎಂಬುದು ಅವರಿಗೆ ತಡವಾಗಿ ಹೊಳೆಯುತ್ತದೆ. ಆಟ ಇರುವುದು ಕೆಲಸದಲ್ಲಿ. ಏರಿನಲ್ಲಿ ವೇಗ ಉಳಿಸಬೇಕು, ಇಳಿತದಲ್ಲಿ ಬ್ರೇಕು ಹಿಡಿಯಬೇಕು, ವೇಳಾಪಟ್ಟಿಗೆ ಸರಿಯಾಗಿ ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಲ್ಲಿಸಬೇಕು. ಇದಕ್ಕೆಲ್ಲ ಹಾದಿ ಬಾಯಿಪಾಠವಾಗಿರಬೇಕು. ಬಾಯಿಪಾಠವಾಗುವಷ್ಟೇ ಉದ್ದವಿದ್ದರೆ ಒಳ್ಳೆಯದು.

ಅರಸೀಕೆರೆಯ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಮಾತ್ರ ಇವುಗಳಲ್ಲಿ ಯಾವುದನ್ನೂ ಮೊದಲು ನೋಡುವುದಿಲ್ಲ. ಹೊಸ ಹಾದಿಯೊಂದು ಮಾರಾಟಕ್ಕೆ ಬಂದರೆ ಅದರ ಚಿತ್ರಗಳನ್ನೆಲ್ಲ ದೊಡ್ಡದು ಮಾಡಿಕೊಂಡು ಅವರು ಹುಡುಕುವುದು ಸಿಗ್ನಲ್ ಕಂಬಗಳನ್ನು. ಎಂಥ ಕಂಬ ಎಂದು ತಿಳಿದ ಮೇಲೆಯೇ ಬೆಟ್ಟ, ಹೊಳೆ, ಬೆಲೆ.

ಇದಕ್ಕೆ ಕಾರಣ ಸುಮಾರು ಐವತ್ತು ವರ್ಷ ಹಳೆಯದು. ಜಂಕ್ಷನ್ನಿನ ಪಕ್ಕದಲ್ಲೇ ಬೆಳೆದ ಹುಡುಗನಿಗೆ ಎಂಜಿನ್ ಡ್ರೈವರ್ ಆಗದೆ ಇನ್ನೇನು ಆಗಬೇಕೆನಿಸೀತು? ಮೀಟರ್ ಗೇಜಿನ ಉಗಿ ಎಂಜಿನ್ನುಗಳು ನೀರು ಕುಡಿಯಲು ನಿಂತಾಗ ಶಾಲೆಯ ಚೀಲ ಹೊತ್ತು ನೋಡುತ್ತಾ ನಿಂತವರು ಅವರು. ಮುಂದೆ ಅರ್ಜಿ ಹಾಕಿ, ಪರೀಕ್ಷೆ ಬರೆದು, ಪಾಸೂ ಆದರು. ಉಳಿದದ್ದು ವೈದ್ಯಕೀಯ ತಪಾಸಣೆ. ಅಲ್ಲಿ ಬಣ್ಣದ ಚುಕ್ಕೆಗಳ ಪುಸ್ತಕವೊಂದನ್ನು ಮುಂದಿಟ್ಟರು. ಜಪಾನಿನ ಶಿನೋಬು ಇಶಿಹಾರ ಎಂಬ ವೈದ್ಯ 1917ರಲ್ಲಿ ಹೊರತಂದ ಪರೀಕ್ಷೆ ಅದು. ಮೊದಲ ಹಾಳೆಯಲ್ಲಿ 12 ಎಂದಿತ್ತು. ಅದು ಎಲ್ಲರಿಗೂ ಕಾಣುವ ಹಾಳೆ. ಹುಡುಗ ಗಟ್ಟಿಯಾಗಿ ಹನ್ನೆರಡು ಎಂದ. ಎರಡನೆಯದರಲ್ಲಿ ಇದ್ದದ್ದು 8. ಅವನಿಗೆ ಕಂಡದ್ದು 3. ಆಮೇಲಿನ ಹಲವು ಹಾಳೆಗಳಲ್ಲಿ ಬರೀ ಚುಕ್ಕೆ. ಕೆಂಪು ಹಸಿರಿನ ಬಣ್ಣಗುರುಡು ತನಗಿದೆಯೆಂದು ಅವನಿಗೆ ಗೊತ್ತಾದದ್ದೇ ಅಂದು. ಊರಿಗೆ ಬಂದು ಬಿ.ಎಡ್. ಮಾಡಿ ಮೇಷ್ಟ್ರಾದರು. ಮೂವತ್ತೈದು ವರ್ಷ ಗಣಿತ ಹೇಳಿಕೊಟ್ಟರು.

ಆ ನಿಯಮ ಸರಿಯಾದದ್ದೆಂದು ಮೇಷ್ಟ್ರೇ ಒಪ್ಪುತ್ತಾರೆ. ರೈಲಿನಲ್ಲಿ ಕೂತ ಸಾವಿರ ಜನರ ಜೀವದ ಮಾತು ಅದು. ಈ ನಿಯಮಕ್ಕೂ ಒಂದು ಚರಿತ್ರೆಯಿದೆ. 1875ರ ನವೆಂಬರಿನಲ್ಲಿ ಸ್ವೀಡನ್ನಿನ ಲಾಗರ್‌ಲುಂಡಾ ಎಂಬಲ್ಲಿ ಎರಡು ರೈಲುಗಳು ಎದುರುಬದುರು ಡಿಕ್ಕಿಯಾದವು. ಹೋಲ್ಮ್‌ಗ್ರೆನ್ ಎಂಬ ಪ್ರಾಧ್ಯಾಪಕರು, ಸಿಬ್ಬಂದಿಯ ಬಣ್ಣಗುರುಡೇ ಇದಕ್ಕೆ ಕಾರಣವಿರಬಹುದೆಂದು ವಾದಿಸಿ, ಬಣ್ಣಬಣ್ಣದ ಉಣ್ಣೆಯ ಲಡಿಗಳನ್ನು ಜೋಡಿಸುವ ಪರೀಕ್ಷೆಯೊಂದನ್ನು ರೈಲ್ವೆ ನೌಕರರಿಗೆ ತಂದರು. ಅವರ ವಾದ ಆ ಅಪಘಾತಕ್ಕೆ ನಿಜಕ್ಕೂ ಹೊಂದುತ್ತದೆಯೇ ಎಂದು ಪಂಡಿತರು ಈಗಲೂ ಜಗಳವಾಡುತ್ತಾರೆ. ಪರೀಕ್ಷೆಯಂತೂ ಉಳಿದುಕೊಂಡಿತು.

ಬಣ್ಣಗುರುಡು ಎಂದರೆ ಲೋಕವೆಲ್ಲ ಕಪ್ಪುಬಿಳುಪು ಎಂದು ಹಲವರ ತಿಳಿವಳಿಕೆ. ಹಾಗಲ್ಲ. ಮೇಷ್ಟ್ರಿಗೆ ಆಕಾಶ ನೀಲಿಯೇ, ಸೂರ್ಯಕಾಂತಿ ಹಳದಿಯೇ. ದೂರದ ಕೆಂಪು ದೀಪವೂ ಹಳದಿ ದೀಪವೂ ಒಂದೇ ತರಹ ಕಾಣುತ್ತವೆ, ಹಸಿರು ದೀಪ ಬಿಳಿಚಿಕೊಂಡು ಬೀದಿದೀಪದ ಹಾಗೆ ಕಾಣುತ್ತದೆ, ಅಷ್ಟೇ. ರೈಲು ಓಡಿಸುವವನಿಗೆ ಅಷ್ಟೇ ಸಾಕು, ಅಡ್ಡಿಯಾಗಲು.

ಹಳೆಯ ಕಾಲದ ಸಿಗ್ನಲ್ಲಿನಲ್ಲಿ ಹಗಲು ಹೊತ್ತು ಈ ತೊಂದರೆ ಇರಲಿಲ್ಲ. ಕಂಬದ ತುದಿಯಲ್ಲಿ ಒಂದು ತೋಳು. ಅಡ್ಡಲಾಗಿ ಚಾಚಿದ್ದರೆ ನಿಲ್ಲು, ಓರೆಯಾಗಿದ್ದರೆ ಹೋಗು. ಸೆಮಾಫೋರ್ ಎಂದು ಇಂಗ್ಲಿಷಿನಲ್ಲಿ ಕರೆದದ್ದನ್ನು ನಮ್ಮವರು ಕೈಮರ ಎಂದರು, ಎಷ್ಟು ಸೊಗಸಾದ ಮಾತು! ಕೈಮರಕ್ಕೆ ಯಾವ ಬಣ್ಣ ಬಳಿದರೂ ಮೇಷ್ಟ್ರಿಗೆ ಓದಲು ಬರುತ್ತದೆ. ರಾತ್ರಿ ಅದರ ಮೇಲೂ ಬಣ್ಣದ ಗಾಜಿನ ದೀಪವೇ. ಆದ್ದರಿಂದ ಅವರ ರೈಲುಗಳು ಹಗಲು ಹೊತ್ತಿನಲ್ಲೇ ಓಡುತ್ತವೆ. ಆಟದಲ್ಲಿ ಋತು, ಹವೆ, ಗಂಟೆ ಎಲ್ಲವನ್ನೂ ಆರಿಸಿಕೊಳ್ಳಲು ಬರುತ್ತದಲ್ಲ. ಬೇಸಿಗೆ, ನಿರ್ಮಲ ಆಕಾಶ, ಮಧ್ಯಾಹ್ನ ಹನ್ನೆರಡು. ಇಷ್ಟು ಒಳ್ಳೆಯ ಬಿಸಿಲನ್ನು ಇಂಗ್ಲೆಂಡಿನವರೇ ಕಂಡಿರಲಾರರು.

ಅವರ ಅಚ್ಚುಮೆಚ್ಚಿನ ಹಾದಿ ಉತ್ತರ ಇಂಗ್ಲೆಂಡಿನ ಸೆಟಲ್–ಕಾರ್ಲೈಲ್. ಇದು ಬಿಡಿಯಾಗಿ ಕೊಂಡದ್ದಲ್ಲ. 2001ರಲ್ಲಿ ಬಂದ ಮೈಕ್ರೋಸಾಫ್ಟ್ ಟ್ರೈನ್ ಸಿಮ್ಯುಲೇಟರ್ ಆಟದ ಆರು ಹಾದಿಗಳಲ್ಲಿ ಒಂದು. ಆ ಆಟ ಹಳತಾದರೂ ಓಪನ್ ರೈಲ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ಅದರ ಹಾದಿಗಳು ಇನ್ನೂ ಓಡುತ್ತವೆ. ಮಗಳ ಮಗ ಹಾಕಿಕೊಟ್ಟಿದ್ದಾನೆ. ಸುಮಾರು 116 ಕಿಲೋಮೀಟರಿನ ಈ ಹಾದಿಯಲ್ಲಿ ಸರಕು ರೈಲು ಮೊದಲು ಓಡಿದ್ದು 1875ರ ಆಗಸ್ಟಿನಲ್ಲಿ, ಅಂದರೆ ಲಾಗರ್‌ಲುಂಡಾದ ಅಪಘಾತಕ್ಕೆ ಮೂರು ತಿಂಗಳ ಮೊದಲು. ಈ ಕಾಕತಾಳೀಯವನ್ನು ಮೇಷ್ಟ್ರು ಬಂದವರಿಗೆಲ್ಲ ಹೇಳುತ್ತಾರೆ.

ಸೆಟಲ್ ಬಿಟ್ಟ ಕೂಡಲೇ ಏರು. ನೂರು ಅಡಿಗೆ ಒಂದು ಅಡಿ. ಕೇಳಲು ಏನೂ ಅಲ್ಲ ಎನಿಸುತ್ತದೆ. ಆದರೆ ಅದು ಇಪ್ಪತ್ತೈದು ಕಿಲೋಮೀಟರಿನಷ್ಟು ಬಿಡದೆ ಏರುತ್ತದೆ. ಲಾಂಗ್ ಡ್ರ್ಯಾಗ್, ದೀರ್ಘ ಎಳೆತ, ಎಂದೇ ಅದಕ್ಕೆ ಹೆಸರು. ಕಲ್ಲಿದ್ದಲು ಹಾಕುವವನನ್ನು ಆಟವೇ ಒದಗಿಸುತ್ತದೆ. ಆದರೆ ಉಗಿಯನ್ನು ಎಷ್ಟು ಬಿಡಬೇಕು, ಎಷ್ಟು ಉಳಿಸಬೇಕು ಎನ್ನುವುದು ಓಡಿಸುವವನ ಲೆಕ್ಕ. ತಿಂಗಳ ಸಂಬಳವನ್ನು ಹತ್ತನೆಯ ತಾರೀಕಿಗೇ ಮುಗಿಸುವ ಗೃಹಸ್ಥನಂತೆ ಮೊದಲ ಐದು ಕಿಲೋಮೀಟರಿನಲ್ಲಿ ಉಗಿಯನ್ನೆಲ್ಲ ಖರ್ಚು ಮಾಡಿದರೆ ಮೇಲೆ ಹೋಗುವಾಗ ಗಾಡಿ ಮುಗ್ಗರಿಸುತ್ತದೆ. ರಿಬಲ್‌ಹೆಡ್ ಸೇತುವೆ ಬರುತ್ತದೆ: 24 ಕಮಾನು, 32 ಮೀಟರ್ ಎತ್ತರ. ಅದನ್ನು ದಾಟಿದರೆ ಬ್ಲೇ ಮೂರ್ ಸುರಂಗ, ಸುಮಾರು 2.4 ಕಿಲೋಮೀಟರ್ ಕತ್ತಲು. ಹಾದಿಯ ನೆತ್ತಿ ಏಸ್ ಗಿಲ್, ಸಮುದ್ರಮಟ್ಟದಿಂದ 356 ಮೀಟರ್. ಅಲ್ಲಿಂದ ಮುಂದೆ ಬ್ರೇಕಿನ ಕೆಲಸ. 1980ರ ದಶಕದಲ್ಲಿ ಈ ಹಾದಿಯನ್ನು ಮುಚ್ಚಲು ಹೊರಟಿದ್ದರು. ಜನ ಹೋರಾಡಿ 1989ರಲ್ಲಿ ಉಳಿಸಿಕೊಂಡರು. ಒಂದು ತಕರಾರೂ ಇದೆ. ಆಟದಲ್ಲಿ ಇಲ್ಲಿ ಓಡುವುದು 1920ರ ದಶಕದ ಪ್ರಸಿದ್ಧ ಫ್ಲೈಯಿಂಗ್ ಸ್ಕಾಟ್ಸ್‌ಮನ್ ಎಂಜಿನ್. ಅದು ಆಗ ಬೇರೆ ಕಂಪನಿಯ ಸ್ವತ್ತು, ಅದರ ನಿತ್ಯದ ಹಾದಿ ಪೂರ್ವ ಕರಾವಳಿಯದು. ಪಕ್ಕದ ಮನೆಯ ಎತ್ತನ್ನು ನಮ್ಮ ಗಾಡಿಗೆ ಕಟ್ಟಿದ ಹಾಗಾಯಿತು ಎಂದು ಮೇಷ್ಟ್ರು ಗೊಣಗುತ್ತಲೇ ಓಡಿಸುತ್ತಾರೆ.

ಅದೇ ಆಟದ ಜಪಾನಿನ ಹಿಸಾತ್ಸು ಹಾದಿಯೂ ಅವರಿಗೆ ಹಿಡಿಸಿದೆ. ಒಂಟಿ ಹಳಿ, ಚಿಕ್ಕ ಡೀಸೆಲ್ ಗಾಡಿ, ಬೆಟ್ಟ ಏರಲಾರದೆ ಹಿಂದಕ್ಕೂ ಮುಂದಕ್ಕೂ ಓಡಾಡಿ ಮೇಲೇರುವ ಒಕೋಬಾ ನಿಲ್ದಾಣ. ಬಣ್ಣದ ಸಿಗ್ನಲ್ಲೇ ಆದರೂ ನಿಲ್ದಾಣದಲ್ಲಿ ಹೇಗೂ ನಿಲ್ಲಬೇಕಲ್ಲ, ಕೆಂಪಾದರೇನು, ಹಳದಿಯಾದರೇನು? 2020ರ ಜುಲೈ ತಿಂಗಳ ಪ್ರವಾಹದಲ್ಲಿ ಆ ಹಾದಿ ಹಾಳಾಗಿ ಅಲ್ಲಿ ನಿಜವಾದ ರೈಲುಗಳ ಓಡಾಟ ನಿಂತುಹೋಯಿತು. ಅರಸೀಕೆರೆಯಲ್ಲಿ ನಿಲ್ಲಲಿಲ್ಲ.

ದುಡ್ಡು ಕೊಟ್ಟು ಕೊಂಡ ಮೊದಲ ಹಾದಿ ಅಮೆರಿಕದ್ದು. ಪೆನ್ಸಿಲ್ವೇನಿಯಾದ ಆಲ್ಟೂನ ಊರಿನ ಬಳಿ ಹಾದಿ ಕುದುರೆಲಾಳದಂತೆ ಬಾಗಿ ಬೆಟ್ಟ ಹತ್ತುತ್ತದೆ. ಹಾರ್ಸ್‌ಶೂ ಕರ್ವ್ ಎಂದು ಹೆಸರು, 1854ರಿಂದ ರೈಲು ಓಡುತ್ತಿರುವ ತಿರುವು. ಹತ್ತಾರು ವ್ಯಾಗನ್ನುಗಳ ಉದ್ದದ ಗಾಡಿಯಾದರೆ ಎಂಜಿನ್ನಿನಲ್ಲಿ ಕೂತವನಿಗೆ ತನ್ನ ಬಾಲವೇ ಎದುರು ಬೆಟ್ಟದಲ್ಲಿ ಕಾಣುತ್ತದೆ. ಮೇಷ್ಟ್ರು ಅದನ್ನು ಕೊಂಡದ್ದು ಬಾಲ ನೋಡಲಲ್ಲ. ಪೆನ್ಸಿಲ್ವೇನಿಯಾ ರೈಲ್ವೆಯವರು 1915ರಿಂದ ಒಂದು ವಿಚಿತ್ರ ಸಿಗ್ನಲ್ ತಂದಿದ್ದರು. ದೀಪಗಳೆಲ್ಲ ಒಂದೇ ಹಳದಿ. ಮೂರು ದೀಪ ಅಡ್ಡಸಾಲಾಗಿ ಹೊತ್ತಿದರೆ ನಿಲ್ಲು, ನೆಟ್ಟಗೆ ಹೊತ್ತಿದರೆ ಹೋಗು, ಓರೆಯಾದರೆ ಎಚ್ಚರ. ದೀಪದಲ್ಲೇ ಮಾಡಿದ ಕೈಮರ! ರಾತ್ರಿಯೂ ಓದಬಹುದು. ಅದನ್ನು ಕೊಂಡ ದಿನ ಮೇಷ್ಟ್ರು ಜೀವನದಲ್ಲಿ ಮೊದಲ ಸಲ ಕತ್ತಲಲ್ಲಿ ರೈಲು ಓಡಿಸಿದರು. ಎರಡು ಗಂಟೆಯಾದರೂ ಮಲಗಲಿಲ್ಲವಂತೆ.

ಈ ಧೈರ್ಯದಲ್ಲೇ ಅವರು ಲಂಡನ್–ಬ್ರೈಟನ್ ಹಾದಿಗೆ ಕೈಹಾಕಿದ್ದು. 82 ಕಿಲೋಮೀಟರ್, ಬೇಕಾದಷ್ಟು ನಿಲ್ದಾಣ, 37 ಕಮಾನುಗಳ ಊಜ್ ಕಣಿವೆಯ ಸೇತುವೆ, ಹಿಂದೆ ಮುಂದೆ ಎಡೆಬಿಡದ ರೈಲುಗಳು. ಸಿಗ್ನಲ್ಲುಗಳೆಲ್ಲ ಬಣ್ಣದ ದೀಪ ಎಂದು ತಿಳಿದೇ ಕೊಂಡರು. ಅವರು ನಂಬಿದ್ದು ಕಿವಿಯನ್ನು. 1950ರ ದಶಕದಿಂದ ಬ್ರಿಟನ್ನಿನ ಹಾದಿಗಳಿಗೆ ಬಂದ ಎಚ್ಚರಿಕೆಯ ಏರ್ಪಾಡಿನಲ್ಲಿ, ಸಿಗ್ನಲ್ಲಿನ ಹತ್ತಿರ ಬಂದಾಗ ಹಸಿರಿದ್ದರೆ ಎಂಜಿನ್ನಿನೊಳಗೆ ಗಂಟೆ ಬಾರಿಸುತ್ತದೆ. ಹಸಿರಲ್ಲದಿದ್ದರೆ ಹಾರನ್ನು ಕೂಗುತ್ತದೆ. ಒಡನೆ ಗುಂಡಿ ಒತ್ತದಿದ್ದರೆ ಬ್ರೇಕು ತಾನೇ ಬೀಳುತ್ತದೆ. ಆಟದಲ್ಲೂ ಹಾಗೆಯೇ. ಆದರೆ ಹಾರನ್ನು ಹಳದಿಗೂ ಅದೇ, ಎರಡು ಹಳದಿಗೂ ಅದೇ, ಕೆಂಪಿಗೂ ಅದೇ. ಮೇಷ್ಟ್ರು ಪ್ರತಿ ಹಾರನ್ನನ್ನೂ ಕೆಂಪೆಂದೇ ತಿಳಿದು ತೆವಳತೊಡಗಿದರು. ಬ್ರೈಟನ್ನಿಗೆ ಇಪ್ಪತ್ತೆರಡು ನಿಮಿಷ ತಡ. ಮರುದಿನ ಇಪ್ಪತ್ತೈದು. ಪರದೆಯ ಕೆಳಗಡೆ ಮುಂದಿನ ಸಿಗ್ನಲ್ ತೋರಿಸುವ ಗುರುತೊಂದಿದೆ, ಅದೂ ಬಣ್ಣದ ಚುಕ್ಕೆಯೇ.

ಮನೆಯವರಿಗೆ ಅವರ ಕಣ್ಣಿನ ವಿಷಯ ಗೊತ್ತಿರಲಿಲ್ಲವೆಂದಲ್ಲ. ಮದುವೆಯಾದ ಹೊಸತರಲ್ಲಿ ಹಸಿರು ಸೀರೆ ಎಂದು ಕಂದು ಸೀರೆ ತಂದುಕೊಟ್ಟಾಗಲೇ ತಿಳಿದಿತ್ತು; ಅಂದಿನಿಂದ ಬಟ್ಟೆಯಂಗಡಿಯ ವ್ಯವಹಾರ ಆಕೆಯದು. ರೈಲಿನ ಪರೀಕ್ಷೆಯ ಕಥೆ ಮಾತ್ರ ಮೇಷ್ಟ್ರು ಎಂದೂ ಬಾಯಿಬಿಟ್ಟಿರಲಿಲ್ಲ. ಗಣಿತದ ಮೇಲಿನ ಪ್ರೀತಿಯಿಂದ ಮೇಷ್ಟ್ರಾದೆ ಎಂದೇ ನಂಬಿಸಿದ್ದರು. ಬ್ರೈಟನ್ನಿನ ಮೂರನೆಯ ದಿನ, ಪಕ್ಕದಲ್ಲಿ ಅವರೆಕಾಳು ಹಿಚುಕುತ್ತಾ ಕೂತಿದ್ದ ಆಕೆ ಕೇಳಿದರು.

"ಅಲ್ರೀ, ಅಷ್ಟು ದೊಡ್ಡ ಹಸಿರು ದೀಪ ಇದೆ, ಯಾಕೆ ನಿಲ್ಲಿಸ್ತೀರಿ?"

ಆಗ ಹೇಳಬೇಕಾಯಿತು. ಹನ್ನೆರಡು, ಎಂಟು, ಮೂರು, ಎಲ್ಲವನ್ನೂ. ಆಕೆ ಪೂರ್ತಿ ಕೇಳಿಸಿಕೊಂಡು, "ಐವತ್ತು ವರ್ಷ ಇದನ್ನ ಹೊಟ್ಟೇಲಿ ಇಟ್ಕೊಂಡಿದ್ರಾ?" ಎಂದಷ್ಟೇ ಅಂದು ಕಾಳಿನ ಪಾತ್ರೆಯನ್ನು ಎತ್ತಿಕೊಂಡು ಒಳಗೆ ಹೋದರು. ಸ್ವಲ್ಪ ಹೊತ್ತಾದ ಮೇಲೆ ಕನ್ನಡಕ ಹಾಕಿಕೊಂಡು ಬಂದು ಕೂತರು.

ನಮ್ಮ ರೈಲುಗಳಲ್ಲಿ ಡ್ರೈವರೂ ಸಹಾಯಕನೂ ಪ್ರತಿ ಸಿಗ್ನಲ್ಲನ್ನೂ ಒಬ್ಬರಿಗೊಬ್ಬರು ಕೂಗಿ ಹೇಳಬೇಕೆಂಬ ನಿಯಮವಿದೆ. ಇಬ್ಬರಲ್ಲಿ ಒಬ್ಬರ ಕಣ್ಣು ತಪ್ಪಿದರೂ ಇನ್ನೊಬ್ಬರದು ಹಿಡಿಯಲಿ ಎಂದು. ಮೇಷ್ಟ್ರ ಮನೆಯಲ್ಲಿ ಕೂಗುವುದು ಒಂದೇ ಕಡೆಯಿಂದ. ಎರಡು ಹಳದಿ ಎಂದರೆ ಮುಂದಿನದು ಒಂದು ಹಳದಿ, ಅದರ ಮುಂದಿನದು ಕೆಂಪಿರಬಹುದು ಎಂಬ ಸೂತ್ರವನ್ನು ಆಕೆ ಎರಡೇ ದಿನದಲ್ಲಿ ಕಲಿತರು. ಆರು ಗಂಟೆಯ ಧಾರಾವಾಹಿ ಮುಗಿದ ಮೇಲೆ ಗಾಡಿ ಹೊರಡುತ್ತದೆ. ಹೊತ್ತು ಮುಳುಗಿದ ಮೇಲೂ ಈಗ ಬ್ರೈಟನ್ನಿಗೆ ಹೋಗಬಹುದು. ಮೊನ್ನೆ ತಲುಪಿದಾಗ ಒಂದೂವರೆ ನಿಮಿಷವಷ್ಟೇ ತಡ. ಅದೂ ಬಾಲ್ಕಂ ಸುರಂಗದ ಹತ್ತಿರ ಕುಕ್ಕರ್ ಕೂಗಿತೆಂದು ಸಹಾಯಕರು ಎದ್ದು ಹೋಗಿದ್ದರಿಂದ.

ಮುಂದಿನ ರಿಯಾಯಿತಿಗೆ ಯಾವ ಹಾದಿ ಕೊಳ್ಳಬೇಕೆಂಬ ಚರ್ಚೆ ಈಗ ನಡೆದಿದೆ. ಆಸ್ಟ್ರಿಯದ ಸೆಮ್ಮರಿಂಗ್ ಇರಲಿ, 41 ಕಿಲೋಮೀಟರಿನಲ್ಲಿ 14 ಸುರಂಗ ಎಂದು ಮೇಷ್ಟ್ರು. ಸುರಂಗದಲ್ಲಿ ಕಾಣೋದೇನಿದೆ, ಸಮುದ್ರ ಇರೋ ಹಾದಿ ನೋಡಿ ಎಂದು ಆಕೆ. ಸಿಗ್ನಲ್ಲಿನ ಮಾತು ಇಬ್ಬರೂ ಎತ್ತಿಲ್ಲ.